ಅಣ್ಣನಿಲ್ಲದ ಕಾದಂಬರಿ

ಭದ್ರಾವತಿ
2 ಜೂನ್ 2025

ಅಣ್ಣನಿಗೆ,

ಚಂದ್ರಹಾಸನ ಕೈಯಲ್ಲಿ ಒಂದು ದಪ್ಪ ಕಟ್ಟು ಕಳಿಸಿದ್ದೇನೆ. ಗಾಬರಿಯಾಗಬೇಡ, ಅದು ನಾನು ಬರೆದ ಕಾದಂಬರಿ. ಉತ್ತರಪತ್ರಿಕೆ ತಿದ್ದುತ್ತಿದ್ದೇನೆ ಎಂದು ನಿನಗೆ ಸುಳ್ಳು ಹೇಳಿ ಫೋನು ಇಡುತ್ತಿದ್ದ ಸಂಜೆಗಳಲ್ಲೆಲ್ಲ ಬರೆದದ್ದು. ಗಂಡ ಅನ್ನುವ ಹಕ್ಕಿನಿಂದ ಇಲ್ಲಿ ಮೊದಲು ಓದಿದವನು ಚಂದ್ರಹಾಸ. ‘ನನ್ನನ್ನ ಸ್ವಲ್ಪ ಉದ್ದ ಮಾಡಿದೀಯ, ಥ್ಯಾಂಕ್ಸ್’ ಎಂದ. ಅಷ್ಟೇ ಅವನ ವಿಮರ್ಶೆ.

ಶಿವಮೊಗ್ಗದ ಕೋಟೆಯ ಪುರೋಹಿತರ ಮನೆಯ ಒಬ್ಬ ಹುಡುಗಿ, ಭದ್ರಾವತಿಯ ಫೌಂಡ್ರಿ ಕೆಲಸಗಾರನ ಮಗನನ್ನು ಮದುವೆಯಾಗುತ್ತಾಳೆ. ಅವಳ ಅಪ್ಪ ಬದುಕಿರುವವರೆಗೆ ಅವಳ ಮುಖ ನೋಡುವುದಿಲ್ಲ. ಅವಳೇ ‘ನಾನು’ ಎಂದು ಕಥೆ ಹೇಳುತ್ತಾಳೆ. ಅವಳು ನಾನೇ, ಆದರೆ ಪೂರ್ತಿ ನಾನಲ್ಲ. ಹೋದ ವರ್ಷ ಶಂಕರಘಟ್ಟದ ವಿಶ್ವವಿದ್ಯಾಲಯದ ವಿಚಾರಸಂಕಿರಣಕ್ಕೆ ಹೋಗಿದ್ದೆನಲ್ಲ, ಅಲ್ಲಿ ಇಡೀ ದಿನ ಇದೇ ಮಾತು. ಈಗಿನವರು ತಮ್ಮ ಬದುಕನ್ನೇ ಕಾದಂಬರಿ ಮಾಡುವಾಗ ಎಲ್ಲಿ ನಿಜ ಹೇಳುತ್ತಾರೆ, ಎಲ್ಲಿ ಕಟ್ಟುತ್ತಾರೆ, ಆ ಹೊಲಿಗೆ ಕಾಣದ ಹಾಗೆ ಹೇಗೆ ಮಾಡುತ್ತಾರೆ ಎಂದು. ಮಧ್ಯಾಹ್ನದ ಊಟ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಅವತ್ತು ಬಸ್ಸಿನಲ್ಲಿ ಬರುವಾಗಲೇ ಅರ್ಧಕ್ಕೆ ನಿಂತಿದ್ದ ಇದನ್ನು ಮುಗಿಸಬೇಕು ಅನ್ನಿಸಿತು.

ಶಿವಮೊಗ್ಗದ ಪ್ರಕಾಶಕಿ ಸಂಧ್ಯಾ ಆಗಸ್ಟ್ ಕೊನೆಗೆ ಅಚ್ಚಿಗೆ ಕೊಡುತ್ತಾಳೆ. ಅಷ್ಟರೊಳಗೆ ನೀನು ಓದಿ, ಪೂಜೆ, ತಿಥಿ, ಮಂತ್ರಗಳಲ್ಲಿ ತಪ್ಪಿದ್ದರೆ ಹೇಳಬೇಕು. ಇಷ್ಟು ಹತ್ತಿರದಲ್ಲಿದ್ದು ಪತ್ರವೇ ಎಂದು ನಗಬೇಡ. ಫೋನಿನಲ್ಲಿ ಕೇಳಿದರೆ ನೀನು ‘ಚೆನ್ನಾಗಿದೆ ಮಾರಾಯ್ತಿ, ಇಡ್ಲಾ?’ ಎಂದು ಇಟ್ಟುಬಿಡುತ್ತೀಯ. ಬರೆಯಲು ಕೂತರೆ ಮಾತ್ರ ನಿನ್ನಿಂದ ನಿಜ ಹೊರಗೆ ಬರುತ್ತದೆ.

ಅಮ್ಮನಿಗೆ ಈಗಲೇ ಹೇಳಬೇಡ. ಪುಸ್ತಕವಾದ ಮೇಲೆ ನಾನೇ ಕೈಯಲ್ಲಿಡುತ್ತೇನೆ.

ನಿನ್ನ ತಂಗಿ,
ಗೌರಿ

*

ಕೋಟೆ, ಶಿವಮೊಗ್ಗ
14 ಜೂನ್ 2025

ಚಿ. ಸೌ. ಶ್ರೀಗೌರಿಗೆ ಸುಘೋಷನ ಆಶೀರ್ವಾದ.

ಕಟ್ಟು ಬಂತು. ಓದಿದೆ. ನಡುವೆ ಎರಡು ಉಪನಯನ, ಒಂದು ಶಾಂತಿ ಇದ್ದವು, ಇಲ್ಲದಿದ್ದರೆ ಇನ್ನೂ ಬೇಗ ಮುಗಿಸುತ್ತಿದ್ದೆ. ಕೈಯಿಂದ ಇಡಲು ಮನಸ್ಸಾಗಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದ್ದೆಲ್ಲ ತಪ್ಪುಗಳೇ.

ಏಳನೆಯ ಅಧ್ಯಾಯದಲ್ಲಿ ಗಣಪತಿ ಬಂದು ಹೋದ ಮೇಲೆ ಗೌರಿ ಬರುತ್ತಾಳೆ. ತಾಯಿ ಮೊದಲು ಬರಬೇಕು, ಮಗ ಮಾರನೆಯ ದಿನ. ನಿನ್ನ ಹೆಸರಿನ ಹಬ್ಬವನ್ನೇ ಹಿಂದುಮುಂದು ಮಾಡಿದರೆ ಹೇಗೆ? ಅಜ್ಜನ ಶ್ರಾದ್ಧದ ಅಡುಗೆಗೆ ಹೂಕೋಸು ಹಾಕಿಸಿದ್ದೀಯ. ಅದನ್ನು ಮೊದಲು ತೆಗೆ. ಅಪ್ಪ ಓದಿದ್ದರೆ ಮಗಳು ಬೇರೆ ಜಾತಿಯವನನ್ನು ಮದುವೆಯಾದದ್ದಕ್ಕಿಂತ ಇದಕ್ಕೇ ಹೆಚ್ಚು ಸಿಟ್ಟಾಗುತ್ತಿದ್ದರು. ಉಳಿದ ತಪ್ಪುಗಳನ್ನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ.

ನಿನ್ನ ‘ನಾನು, ಆದರೆ ಪೂರ್ತಿ ನಾನಲ್ಲ’ ಎನ್ನುವ ಮಾತು ನನಗೇನೂ ಹೊಸದಲ್ಲ. ಬೆಳಗಾದರೆ ನನ್ನ ಕೆಲಸವೇ ಅದು. ಸಂಕಲ್ಪ ಹೇಳಿಸುವಾಗ ಯಜಮಾನನ ಗೋತ್ರ, ನಕ್ಷತ್ರ, ಹೆಸರು ಎಲ್ಲ ನನ್ನ ಬಾಯಲ್ಲಿ ಬಂದು, ಕೊನೆಗೆ ‘ನಾನು ಈ ಕರ್ಮವನ್ನು ಮಾಡುತ್ತೇನೆ’ ಎಂದಾಗುತ್ತದೆ. ಹೇಳುವವನು ನಾನು, ಆ ‘ನಾನು’ ಮಾತ್ರ ಅವನು. ಬೆಳಗ್ಗೆ ಒಬ್ಬ ವಕೀಲನಾಗಿರುತ್ತೇನೆ, ಮಧ್ಯಾಹ್ನ ಒಬ್ಬ ಅಡಿಕೆ ಮಂಡಿಯವನಾಗಿರುತ್ತೇನೆ. ಶಂಕರಘಟ್ಟದವರು ನನ್ನನ್ನು ಕರೆದಿದ್ದರೆ ಒಂದು ಗಂಟೆ ಮಾತಾಡಿ ಅದೇ ಊಟ ಮಾಡಿ ಬರುತ್ತಿದ್ದೆ.

ನಿನ್ನ ಅತ್ತಿಗೆಯೂ ಓದಿದಳು. ಏಳನೆಯ ಅಧ್ಯಾಯದಲ್ಲಿ ಮದುವೆಯಾದ ಮೊದಲ ಗೌರಿ ಹಬ್ಬಕ್ಕೆ ಆ ಹುಡುಗಿ ತವರಿನ ಬಾಗಿನ ಬರುತ್ತದೆಂದು ಬೆಳಗಿನಿಂದ ಸಂಜೆಯವರೆಗೆ ಹೊಸಿಲಲ್ಲಿ ಕೂತಿರುತ್ತಾಳಲ್ಲ, ಯಾರೂ ಬರುವುದಿಲ್ಲವಲ್ಲ, ಅಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ‘ಆಗ ನೀವೆಲ್ಲಿದ್ರಿ?’ ಎಂದು ಕೇಳಿದಳು. ಅವಳು ಈ ಮನೆಗೆ ಬಂದದ್ದು ಅದೆಲ್ಲ ಮುಗಿದ ಮೇಲಲ್ಲವೇ. ಹಾಲು ಉಕ್ಕುತ್ತಿದೆ ನೋಡು ಎಂದು ಅಡುಗೆಮನೆಗೆ ಕಳಿಸಿದೆ.

ಸುಘೋಷ

ಒಂದು ಮಾತು ಬಿಟ್ಟುಹೋಯಿತು. ಆ ಹುಡುಗಿಗೆ ಅಣ್ಣ ತಮ್ಮ ಯಾರೂ ಇಲ್ಲವೇ? ಸುಮ್ಮನೆ ಕೇಳಿದೆ.

*

ಭದ್ರಾವತಿ
19 ಜೂನ್ 2025

ಅಣ್ಣನಿಗೆ,

ಹೂಕೋಸು ತೆಗೆದೆ. ಸುವರ್ಣಗೆಡ್ಡೆ ಹಾಕಿದ್ದೇನೆ, ಒಪ್ಪಿಗೆಯೇ?

ನೀನು ‘ಸುಮ್ಮನೆ ಕೇಳಿದೆ’ ಎಂದರೆ ಸುಮ್ಮನೆ ಕೇಳಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಸರಿಯಾಗಿ ಹೇಳುತ್ತೇನೆ. ಇಂಥ ಕಾದಂಬರಿಯಲ್ಲಿ ಮನೆಯಲ್ಲಿದ್ದವರನ್ನೆಲ್ಲ ಒಳಗೆ ಬಿಟ್ಟರೆ ಅದು ಕಾದಂಬರಿಯಾಗುವುದಿಲ್ಲ, ಮದುವೆ ಮನೆಯ ಗ್ರೂಪ್ ಫೋಟೋ ಆಗುತ್ತದೆ. ಕೆಲವರನ್ನು ಬಿಡಬೇಕು, ಇಬ್ಬರನ್ನು ಸೇರಿಸಿ ಒಬ್ಬರನ್ನಾಗಿ ಮಾಡಬೇಕು. ನನ್ನ ಪುಸ್ತಕದ ಅತ್ತೆಯಲ್ಲಿ ನಮ್ಮತ್ತೆ ದುರ್ಗಮ್ಮ ಅರ್ಧ, ಪಕ್ಕದ ಕ್ವಾರ್ಟರ್ಸಿನ ತಮಿಳು ಅಜ್ಜಿ ಅರ್ಧ. ಕಥೆ ಹೇಳುವ ಹುಡುಗಿ ಒಂಟಿಯಾಗಿರಬೇಕು. ಅವಳ ಜೊತೆಗೆ ಮಾತಾಡಲು ಯಾರಾದರೂ ಇದ್ದರೆ ಅವಳು ಓದುವವರ ಜೊತೆ ಯಾಕೆ ಮಾತಾಡುತ್ತಾಳೆ ಹೇಳು?

ಇನ್ನೊಂದು ಕಾರಣವೂ ಇದೆ. ನೀನು ಅಲ್ಲಿ ಹತ್ತಾರು ಮನೆಗಳ ಪುರೋಹಿತ. ಅಪ್ಪನಿಗೆ ಹೇಳದೆ ನೀನು ನಮ್ಮ ಮನೆಗೆ ಬರುತ್ತಿದ್ದೆ, ದುರ್ಗಮ್ಮನ ಕೈಯ ಕಾಫಿ ಕುಡಿಯುತ್ತಿದ್ದೆ ಎಂದು ನಾನು ಅಚ್ಚು ಹಾಕಿಸಿದರೆ ಕೋಟೆಯವರು ಏನೆಂದುಕೊಂಡಾರು? ನಿನ್ನನ್ನು ಉಳಿಸಲಿಕ್ಕೇ ಬಿಟ್ಟದ್ದು ಅಂದುಕೋ.

ಕೊನೆಯ ಅಧ್ಯಾಯದ ಬಗ್ಗೆ ನೀನು ಒಂದು ಮಾತೂ ಬರೆಯಲಿಲ್ಲ. ನನಗೆ ಅದೇ ಹೆಚ್ಚು ಇಷ್ಟ. ಸಿಟ್ಟು ಮಾಡಿಕೊಂಡಿದ್ದ ಅಪ್ಪ ಯಾರಿಗೂ ತಿಳಿಯದ ಹಾಗೆ ಗೌರಿ ಹಬ್ಬಕ್ಕೆ ಮಗಳಿಗೆ ಬಾಗಿನ ಕಳಿಸುತ್ತಾರೆ. ಮಗಳು ಮೊರವನ್ನು ಎದೆಗಪ್ಪಿಕೊಂಡು ‘ಅಪ್ಪ ಕಳಿಸಿದ್ದು’ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಾಳೆ. ಸಂಧ್ಯಾ ಅಲ್ಲಿ ಅತ್ತಳಂತೆ. ನೀನೇ ಪ್ರತಿವರ್ಷ ಬಾಗಿನ ತಂದು ಕೊಡುವಾಗ ಹೇಳುತ್ತಿದ್ದೆಯಲ್ಲ, ಅಪ್ಪನೇ ಕಳಿಸಿದ್ದು ಎಂದು. ಆ ಮಾತಿನಿಂದಲೇ ಇಡೀ ಪುಸ್ತಕ ಹುಟ್ಟಿದ್ದು.

ಗೌರಿ

*

ಕೋಟೆ
2 ಜುಲೈ 2025

ಚಿ. ಸೌ. ಗೌರಿಗೆ,

ಸುವರ್ಣಗೆಡ್ಡೆಗೆ ಒಪ್ಪಿಗೆ.

ನನ್ನನ್ನು ಉಳಿಸುವ ತೊಂದರೆ ನೀನು ತೆಗೆದುಕೊಳ್ಳಬೇಕಾಗಿಲ್ಲ. ನಾನು ನಿಮ್ಮ ಮನೆಗೆ ಬರುತ್ತಿದ್ದದ್ದು ಇಲ್ಲಿ ಅಪ್ಪನೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು ಮಾರಾಯ್ತಿ. ಬೆಳಗಿನ ರೈಲಿಗೆ ಹೋಗುವ ಕಾರ್ಖಾನೆ ಜನರೆಲ್ಲ ನನ್ನನ್ನು ನೋಡುತ್ತಿದ್ದರು. ಹಬ್ಬದ ದಿನ ಜುಟ್ಟಿನವನೊಬ್ಬ ಬಟ್ಟೆಯಲ್ಲಿ ಮೊರ ಸುತ್ತಿಕೊಂಡು ಹೋದರೆ ಏನೆಂದು ಯಾರಿಗೆ ತಿಳಿಯುವುದಿಲ್ಲ? ದೇವಸ್ಥಾನದ ಹತ್ತಿರ ಹೂ ಮಾರುವವಳು, ‘ತಂಗಿಗೆ ಅಂತ ಹೇಳಿ ಬುದ್ಧಿ’ ಎಂದು ಒಂದು ಮೊಳ ಮಲ್ಲಿಗೆ ಸೇರಿಸಿ ಕಟ್ಟುತ್ತಿದ್ದಳು. ಅದಕ್ಕೆ ಒಬ್ಬರೂ ನನ್ನನ್ನು ಪೂಜೆಯಿಂದ ಬಿಡಿಸಲಿಲ್ಲ. ಬಿಡಿಸಿದ್ದರೆ ಆಗ ನೋಡಿಕೊಳ್ಳುತ್ತಿದ್ದೆ.

ಅದಿರಲಿ. ಆಷಾಢ ಹಿಡಿಯುವ ಮೊದಲು ಆಲ್ಕೊಳದಲ್ಲಿ ಒಂದು ಗೃಹಪ್ರವೇಶ. ಯಜಮಾನ ವಿಷ್ಣುಪ್ರಸಾದ ಎಂದು, ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದಾರೆ. ಕಾಶ್ಯಪ ಗೋತ್ರ. ಹಿಂದಿನ ರಾತ್ರಿ ನಿನ್ನ ಪತ್ರವನ್ನು ಇನ್ನೊಮ್ಮೆ ಓದಿ ಮಲಗಿದ್ದೆ. ಸಂಕಲ್ಪ ಹೇಳಿಸುತ್ತ ಹೇಳಿಸುತ್ತ ನಾನು ಭಾರದ್ವಾಜ ಗೋತ್ರ ಎಂದೆ, ನನ್ನ ನಕ್ಷತ್ರ ಹೇಳಿದೆ, ಸುಘೋಷ ಶರ್ಮಾ ಎಂದೆ. ಆ ಪುಣ್ಯಾತ್ಮ ನಾನು ಹೇಳಿದ್ದನ್ನೆಲ್ಲ ಕೈಮುಗಿದು ಹಾಗೇ ಹೇಳಿದರು. ಹಿಂದೆ ಕುರ್ಚಿಯಲ್ಲಿದ್ದ ಅವರ ತಾಯಿ ಮೆಲ್ಲಗೆ, ‘ಭಟ್ಟರೇ, ಈ ಮನೆ ಕಟ್ಸಿದ್ದು ನನ್ನ ಮಗ’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಮೊದಲಿಂದ ಹೇಳಿಸಿದೆ. ಇಷ್ಟು ವರ್ಷಗಳಲ್ಲಿ ನನಗೆ ಹೀಗಾದದ್ದಿಲ್ಲ.

ಗಾಡಿಯಲ್ಲಿ ಮನೆಗೆ ಬರುವಾಗ ಯೋಚಿಸಿದೆ. ನಿನ್ನ ಕೊನೆಯ ಅಧ್ಯಾಯದಲ್ಲಿ ‘ಬಾಗಿನ ಬಂತು’ ಎಂದಿದೆ. ಕಳಿಸಿದವರು ಅಪ್ಪ, ತೆಗೆದುಕೊಂಡವಳು ನೀನು. ತಂದವನು ಯಾರು? ಅದಕ್ಕೆ ಕೈಕಾಲು ಬಂದು ತಾನೇ ರೈಲು ಹತ್ತಿತೇ? ಅಂಚೆಯವನಿಗಾದರೂ ಒಂದು ಖಾಕಿ ಅಂಗಿ ಕೊಡುತ್ತಾರೆ ಕಥೆಯಲ್ಲಿ. ನನಗೆ ಬೇಜಾರಾಯಿತು ಗೌರಿ. ಪುಸ್ತಕದಲ್ಲಿ ಬಂದುಬಿಟ್ಟರೆ ಎಂದು ಎಲ್ಲರೂ ಹೆದರುತ್ತಾರೆ. ನಾನು ಇಲ್ಲವಲ್ಲ ಎಂದು ಬೇಜಾರು ಮಾಡಿಕೊಳ್ಳುವವನು ನಾನೊಬ್ಬನೇ ಇರಬೇಕು. ನಿನ್ನ ಬಾಲ್ಯದಲ್ಲಿ ನಾನಿದ್ದೆ. ಅದು ನಿನ್ನ ಪುಸ್ತಕದಲ್ಲೂ ಇರಬೇಕೆಂದು ಆಸೆಯಿದೆ.

ಕೊನೆಯ ಅಧ್ಯಾಯದ ಬಗ್ಗೆ ಇನ್ನೂ ಒಂದು ಮಾತು ಹೇಳುವುದಿತ್ತು. ಹೇಳುವುದಿಲ್ಲ. ಅದು ಚೆನ್ನಾಗಿದೆ.

ಸುಘೋಷ

*

ಭದ್ರಾವತಿ
8 ಜುಲೈ 2025

ಅಣ್ಣನಿಗೆ,

ನೀನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ ಎಂದು ಗೊತ್ತಿರಲಿಲ್ಲ. ಸಂಧ್ಯಾಳ ಹತ್ತಿರ ಮಾತಾಡಿದೆ. ಕೊನೆಯ ಅಧ್ಯಾಯದಲ್ಲಿ ಬಾಗಿನ ತರುವವನನ್ನು ‘ದೂರದ ಸಂಬಂಧಿಯೊಬ್ಬ’ ಎಂದು ಮಾಡಬಹುದು, ಒಂದೆರಡು ಸಾಲು ಮಾತನ್ನೂ ಕೊಡಬಹುದು ಎಂದಳು. ಪುಸ್ತಕದ ಕಟ್ಟಡ ಅಲುಗುವುದಿಲ್ಲ. ನಿನಗೆ ಇಷ್ಟವಾದ ಹೆಸರು ಹೇಳು, ಅದನ್ನೇ ಇಡುತ್ತೇನೆ.

ಶಾಲೆಯಲ್ಲಿ ಕಿರುಪರೀಕ್ಷೆ ನಡೆಯುತ್ತಿದೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ಗೌರಿ

*

ಭದ್ರಾವತಿ
21 ಜುಲೈ 2025

ಅಣ್ಣ,

ನಿನ್ನ ಉತ್ತರ ಬರಲಿಲ್ಲ. ಫೋನು ಮಾಡಿದರೆ ಅತ್ತಿಗೆ ಎತ್ತಿ, ‘ಪೂಜೆಗೆ ಹೋಗಿದ್ದಾರೆ’ ಎನ್ನುತ್ತಾಳೆ. ಆಷಾಢ ಮಾಸದಲ್ಲಿ ದಿನಾ ಅದ್ಯಾವ ಪೂಜೆ?

ಹಿಂದಿನ ಪತ್ರ ಕಳಿಸಿದ ಮೇಲೆ ನಾನೇ ಅದನ್ನು ಮನಸ್ಸಿನಲ್ಲಿ ಓದಿಕೊಂಡೆ. ಸ್ವಂತ ಅಣ್ಣನಿಗೆ ‘ದೂರದ ಸಂಬಂಧಿ’ ಪಾತ್ರ ಕೊಡುತ್ತೇನೆ ಎಂದು ಬರೆದಿದ್ದೇನಲ್ಲ. ಚಂದ್ರಹಾಸನಿಗೆ ಹೇಳಿದರೆ, ‘ನಿಂಗೇನ್ ತಲೆ ಕೆಟ್ಟಿತ್ತಾ? ಅವ್ರು ಬಂದ್ರೆ ನಮ್ಮವ್ವ ಒಲೆ ಮುಂದಿಂದ ಎದ್ದು ಓಡ್ ಬರೋಳು’ ಎಂದು ಬೈದ. ಬೈಸಿಕೊಂಡದ್ದು ಸರಿಯಾಗಿಯೇ ಇತ್ತು.

ನಿನಗೆ ಕೊಟ್ಟ ಕಾರಣಗಳೆಲ್ಲ ಶಂಕರಘಟ್ಟದಲ್ಲಿ ಕೇಳಿ ಬಂದವು. ನಿಜವಾದದ್ದನ್ನು ಹೇಳುತ್ತೇನೆ. ಮೊದಲ ಸಲ ಬರೆದಾಗ ನೀನು ಪುಸ್ತಕದಲ್ಲಿದ್ದೆ. ಏಳನೆಯ ಅಧ್ಯಾಯದಲ್ಲಿ ಆ ಹುಡುಗಿ ಹೊಸಿಲ ಮೇಲೆ ಕೂತಿದ್ದಳು, ನೀನು ಬೀದಿಯ ಆ ತುದಿಯಿಂದ ಪಂಚೆ ಎತ್ತಿ ಕಟ್ಟಿಕೊಂಡು ಬಂದೆ. ಬಂದವನೇ, ‘ನಿಮ್ಮೂರಿನ ಗಾಳಿಗೆ ನನ್ನ ಪಂಚೆ ಕರ್ರಗಾಯ್ತು’ ಎಂದೆ. ಅವಳು ನಕ್ಕುಬಿಟ್ಟಳು. ಅಲ್ಲಿಗೆ ಅಧ್ಯಾಯ ಮುಗಿದುಹೋಯಿತು. ಇನ್ನೊಂದು ಅಧ್ಯಾಯದಲ್ಲಿ ಅಳಿಸೋಣ ಎಂದು ನೋಡಿದೆ. ಅಲ್ಲಿಯೂ ನೀನು ಬಂದು ಚಂದ್ರಹಾಸನ ಜೊತೆ ಚೌಕಾಬಾರ ಆಡುತ್ತ ಕೂತೆ. ನೀನಿದ್ದ ಪುಟದಲ್ಲೆಲ್ಲ ಆ ಹುಡುಗಿ ಸುಖವಾಗಿದ್ದಳು ಅಣ್ಣ. ತವರು ಕಳೆದುಕೊಂಡವಳ ಕಥೆ ಎಂದು ಶುರು ಮಾಡಿದ್ದೆ, ತವರು ವರ್ಷಕ್ಕೊಮ್ಮೆ ರೈಲಿನಲ್ಲಿ ಬಂದು ಇಳಿಯುತ್ತಿತ್ತು. ಹೀಗಾದರೆ ಕಾದಂಬರಿ ಆಗುವುದಿಲ್ಲ ಎಂದು ನಿನ್ನನ್ನು ತೆಗೆದೆ. ಆಮೇಲೆ ಬರೆಯುವುದು ಸಲೀಸಾಯಿತು, ದುಃಖ ತಾನಾಗಿ ಬಂತು.

ಎರಡು ಸಾಲು ಬರೆ. ಬೈದಾದರೂ ಬರೆ.

ಗೌರಿ

*

ಕೋಟೆ
27 ಜುಲೈ 2025

ಗೌರಿ,

ಬೈಯುವುದಿಲ್ಲ. ಪಂಚೆ ನಿಜವಾಗಿಯೂ ಕರ್ರಗಾಗುತ್ತಿತ್ತು.

ನಿನ್ನ ಪತ್ರ ಓದಿದ ಮೇಲೆ ಬೇಜಾರು ಹೋಯಿತು. ಈಗ ನಾನೇ ಹೇಳುತ್ತೇನೆ, ನನ್ನನ್ನು ಸೇರಿಸಬೇಡ. ಪುಸ್ತಕ ಇರುವ ಹಾಗೇ ಇರಲಿ. ಆ ಕೊನೆಯ ಅಧ್ಯಾಯದೊಳಗೆ ನಾನು ಬಂದರೆ ಅಪ್ಪ ಹೊರಗೆ ಹೋಗಬೇಕಾಗುತ್ತದೆ. ಯಾಕೆ ಎಂದು ಕೇಳಬೇಡ. ಅವರು ಅಲ್ಲಿ ಚೆನ್ನಾಗಿ ಕಾಣುತ್ತಾರೆ, ನಿನಗೂ ಅದರಿಂದ ಸಮಾಧಾನವಿದೆ. ನನಗೆ ಅಷ್ಟು ಸಾಕು.

ಸುಘೋಷ

*

ಭದ್ರಾವತಿ
31 ಜುಲೈ 2025

ಅಣ್ಣ,

ಯಾಕೆ ಎಂದು ಕೇಳುವುದಿಲ್ಲ, ಯಾಕೆಂದರೆ ನನಗೆ ಗೊತ್ತು. ಬಾಗಿನ ಅಪ್ಪ ಕಳಿಸಿದ್ದಲ್ಲ. ಒಂದು ವರ್ಷವೂ ಅವರು ಕಳಿಸಲಿಲ್ಲ.

ತೀರ್ಥಹಳ್ಳಿಯ ದೊಡ್ಡಪ್ಪ ತೀರಿಹೋದ ವರ್ಷ ನೆನಪಿದೆಯೇ? ಅವರು ಹೋಗಿ ವಾರವಾಗಿರಲಿಲ್ಲ, ಗೌರಿ ಹಬ್ಬ ಬಂತು. ನನಗೆ ಸುದ್ದಿ ಗೊತ್ತಿರಲಿಲ್ಲ. ನೀನು ಎಂದಿನ ಹಾಗೆ ಮೊರ ಹಿಡಿದು ಬಂದೆ, ‘ಅಪ್ಪ ಕಳ್ಸಿದಾರೆ, ತಗೋ’ ಎಂದೆ. ನಾನು ಸಂಭ್ರಮದಿಂದ ತೆಗೆದುಕೊಂಡೆ. ದೊಡ್ಡಪ್ಪ ಹೋದ ಸುದ್ದಿ ಹೇಳಿದವಳು ನಮ್ಮ ಶಾಲೆಯ ವಾಣಿ, ಕೋಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳಲ್ಲ, ಅವಳು. ಅಷ್ಟು ಹೊತ್ತಿಗೆ ಹಬ್ಬ ಮುಗಿದು ಎಷ್ಟೋ ದಿನವಾಗಿತ್ತು.

ಸ್ವಂತ ಅಣ್ಣ ತೀರಿಕೊಂಡು ಹತ್ತು ದಿನದ ಸೂತಕದಲ್ಲಿದ್ದ ಅಪ್ಪ ಅರಿಶಿನ ಕುಂಕುಮ ಕಳಿಸುತ್ತಾರೆಯೇ? ದೇವರ ಮನೆಯ ಬಾಗಿಲನ್ನೇ ತೆಗೆಯದವರು. ಮಗಳ ಮೇಲೆ ಎಷ್ಟು ಪ್ರೀತಿಯಿದ್ದರೂ ಅವರ ಕೈಯಲ್ಲಿ ಅದು ಆಗುವ ಕೆಲಸವಲ್ಲ. ಸುಳ್ಳು ಹೇಳುವವನು ಆ ಒಂದು ವರ್ಷ ‘ನಾನೇ ಅಂಗಡಿಯಿಂದ ತಂದೆ’ ಎಂದಾದರೂ ಹೇಳಬೇಕಿತ್ತು. ನಿನಗೆ ಅದು ಹೊಳೆಯಲಿಲ್ಲ. ಆ ವರ್ಷ ಮೊರದಲ್ಲಿ ಬಾಗಿನಕ್ಕೆ ಇಡಲೇಬೇಕಾದ ಬಿಚ್ಚೋಲೆ ಇರಲಿಲ್ಲ, ರವಿಕೆ ಕಣ ಬೂದಿ ಬಣ್ಣದ್ದು. ಹಬ್ಬಕ್ಕೆ ಬೂದಿ ಬಣ್ಣ ತರುವ ಗಂಡಸು ನೀನೇ ಎಂದು ಆಮೇಲೆ ಹೊಳೆದು, ನಕ್ಕು, ಅತ್ತುಬಿಟ್ಟೆ. ನೀರು ಮುಟ್ಟುವುದಕ್ಕೂ ಮಡಿ ನೋಡುವ ನೀನು ಸೂತಕದಲ್ಲಿ ರೈಲು ಹತ್ತಿ ಬಂದಿದ್ದೆ. ಅದಕ್ಕಿಂತ ದೊಡ್ಡದು ನನಗೆ ಯಾರೂ ಏನೂ ಕೊಟ್ಟಿಲ್ಲ.

ಹೇಳಲಿಲ್ಲ ಯಾಕೆ ಎಂದರೆ, ನೀನು ಅಷ್ಟು ಚೆನ್ನಾಗಿ ಕಟ್ಟಿದ ಕಥೆಯನ್ನು ಕೆಡಿಸಲು ಮನಸ್ಸು ಬರಲಿಲ್ಲ. ನನಗೂ ಅಂಥ ಅಪ್ಪ ಬೇಕಾಗಿದ್ದರು. ನನ್ನ ಕೊನೆಯ ಅಧ್ಯಾಯ ನನ್ನದಲ್ಲ, ನೀನು ವರ್ಷ ವರ್ಷ ಬಾಗಿಲಲ್ಲಿ ನಿಂತು ಹೇಳಿದ್ದು. ನಾನು ನಕಲು ಮಾಡಿದೆ. ಸಂಧ್ಯಾ ಅತ್ತದ್ದು ನಿನ್ನ ಕಥೆಗೆ.

ಈಗ ನನಗೆ ಅದು ಬೇಡ. ನಿನ್ನನ್ನು ಸೇರಿಸುತ್ತೇನೆ. ಒಪ್ಪಿಗೆ ಕೊಡು.

ಗೌರಿ

*

ಕೋಟೆ
6 ಆಗಸ್ಟ್ 2025

ಗೌರಿ,

ಇಷ್ಟು ವರ್ಷ ಗೊತ್ತಿದ್ದೂ ಪ್ರತಿಸಲ ‘ಅಪ್ಪನಿಗೆ ನಮಸ್ಕಾರ ಹೇಳು’ ಎಂದು ಕಳಿಸುತ್ತಿದ್ದೆಯಲ್ಲ. ನಾನು ರೈಲಿನಲ್ಲಿ ಕೂತು, ಪಾಪ, ನಂಬುತ್ತಾಳೆ ಎಂದುಕೊಳ್ಳುತ್ತಿದ್ದೆ. ನಿನ್ನ ಮುಂದೆ ನಾನು ಕಥೆಗಾರ ಅಂತೆ. ನಿನ್ನೆಯಿಂದ ನೆನಪಾದಾಗಲೆಲ್ಲ ನಗು ಬರುತ್ತಿದೆ, ನಿನ್ನ ಅತ್ತಿಗೆ ಏನಾಯ್ತು ಎಂದು ಕೇಳುತ್ತಿದ್ದಾಳೆ. ಅವಳಿಗೆ ಎಲ್ಲ ಹೇಳಿದೆ.

ಆ ಮಾತು ಹುಟ್ಟಿದ್ದು ಹೇಗೆ ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ಮೊದಲ ವರ್ಷ ನಾನು ಬಾಗಿಲಿಗೆ ಬಂದಾಗ ನೀನು ನನ್ನನ್ನು ನೋಡಿದೆ, ಆಮೇಲೆ ನನ್ನ ಹಿಂದೆ ನೋಡಿದೆ. ಅಪ್ಪನೂ ಬಂದಿರಬಹುದು ಎಂದು. ಹಿಂದೆ ಯಾರೂ ಇರಲಿಲ್ಲ. ನಿನ್ನ ಮುಖ ನೋಡಲಾಗದೆ ಹಾಗೆ ಹೇಳಿಬಿಟ್ಟೆ. ಒಂದು ಸಲ ಹೇಳಿದ ಮೇಲೆ ಮುಂದಿನ ವರ್ಷ ಬಿಡುವುದು ಹೇಗೆ?

ಸೂತಕ ಮರೆತಿರಲಿಲ್ಲ. ರೈಲಿನಲ್ಲಿ ಯಾರಿಗೂ ತಗುಲದ ಹಾಗೆ ಬಾಗಿಲ ಹತ್ತಿರ ನಿಂತೇ ಬಂದೆ. ನಿಮ್ಮತ್ತೆ ಕಾಫಿ ತಂದು, ‘ಹಬ್ಬದ ದಿನ ಯಾಕ್ ಸ್ವಾಮಿ ಮುಖ ಹಿಂಗೈತೆ?’ ಎಂದು ಕೇಳಿದರು. ಬೇಡ ಎಂದರೆ ಆ ತಾಯಿಗೆ ನೋವಾಗುತ್ತದೆ, ಕಾರಣ ಹೇಳಿದರೆ ನಿನಗೆ ಗೊತ್ತಾಗುತ್ತದೆ. ಕುಡಿದೆ. ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ತಪ್ಪು ಮಾಡಿದೆ ಎಂದು ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ.

ಬರೆ. ಅಪ್ಪನನ್ನು ಮಾತ್ರ ಕೆಟ್ಟವರನ್ನಾಗಿ ಮಾಡಬೇಡ. ಅವರಿಗೆ ತಿಳಿದಿದ್ದು ಅಷ್ಟು. ಸೂತಕದ ವರ್ಷ ಬಿಟ್ಟರೆ ಮೊರ, ಬಳೆ, ಅಕ್ಕಿ ಎಲ್ಲ ಮನೆಯಲ್ಲಿದ್ದುದನ್ನೇ ಯಾರಿಗೂ ಗೊತ್ತಾಗದ ಹಾಗೆ ನಾನೊಬ್ಬನೇ ಎತ್ತಿಕೊಂಡು ಬರುತ್ತಿದ್ದೆ ಎನ್ನುವುದನ್ನೂ ಬೇಕಾದರೆ ಹಾಕು. ಇಷ್ಟಾದ ಮೇಲೆ ಕಳ್ಳನ ಪಾತ್ರವಾದರೂ ಪೂರ್ತಿ ಬರಲಿ.

ಸುಘೋಷ

*

ಭದ್ರಾವತಿ
18 ಆಗಸ್ಟ್ 2025

ಅಣ್ಣನಿಗೆ,

ಹೊಸ ಕೊನೆಯ ಅಧ್ಯಾಯ ಕಳಿಸುತ್ತಿದ್ದೇನೆ. ಇಡೀ ಪುಸ್ತಕವನ್ನು ಬಿಚ್ಚಿ ನಿನ್ನನ್ನು ಎಲ್ಲ ಕಡೆ ತುರುಕಲು ಹೋಗಲಿಲ್ಲ. ಹಿಂದಿನ ಅಧ್ಯಾಯಗಳು ಹಾಗೇ ಇವೆ, ಆ ಹುಡುಗಿ ಹೊಸಿಲ ಮೇಲೆ ಒಬ್ಬಳೇ ಕೂತಿದ್ದಾಳೆ. ಕೊನೆಯಲ್ಲಿ ಮಾತ್ರ ಅವಳು ಓದುವವರ ಕಡೆ ತಿರುಗಿ ಹೀಗೆ ಹೇಳುತ್ತಾಳೆ: ‘ನನಗೆ ಯಾರೂ ಇಲ್ಲ ಎಂದು ಇಲ್ಲಿಯವರೆಗೆ ಹೇಳುತ್ತ ಬಂದೆ. ನನಗೆ ಅಣ್ಣ ಇದ್ದಾನೆ. ಪ್ರತಿವರ್ಷ ಬಂದಿದ್ದಾನೆ. ಅವನನ್ನು ಹೇಳಿದ್ದರೆ ನೀವು ನನಗಾಗಿ ಇಷ್ಟು ಮರುಗುತ್ತಿರಲಿಲ್ಲ.’ ಅಲ್ಲಿಂದ ಮುಂದಿನದ್ದೆಲ್ಲ ನೀನೇ. ಪಂಚೆ, ಚೌಕಾಬಾರ, ಸೂತಕ, ಕಾಫಿ, ಬೂದಿ ಬಣ್ಣದ ಕಣ ಯಾವುದನ್ನೂ ಬಿಟ್ಟಿಲ್ಲ. ಹೆಸರನ್ನೂ ಬದಲಾಯಿಸಿಲ್ಲ. ಅಪ್ಪ ಬಾಗಿನ ಕಳಿಸುವುದಿಲ್ಲ, ಆದರೆ ಕೆಟ್ಟವರೂ ಅಲ್ಲ. ಸಂಜೆ ನೀನು ಮನೆಗೆ ಹೋದಾಗ ಜಗುಲಿಯಲ್ಲಿ ಕೂತು, ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ. ಅಷ್ಟನ್ನು ಮಾತ್ರ ಕಟ್ಟಿದ್ದೇನೆ.

ಸಂಧ್ಯಾ ಓದಿ, ‘ಮೇಡಂ, ಅಳು ಬರೋ ಜಾಗದಲ್ಲಿ ಈಗ ನಗು ಬರ್ತಿದೆ’ ಎಂದಳು. ಬರಲಿ ಎಂದೆ. ಮೊದಲಿನದೇ ಹೆಚ್ಚು ಗಟ್ಟಿಯಾಗಿತ್ತು ಎನ್ನುವುದು ಅವಳ ಅಭಿಪ್ರಾಯ. ಇರಬಹುದು. ನನಗೆ ಇದು ಬರೆದ ಮೇಲೆ ಬಹಳ ಹಗುರಾಯಿತು. ಮೂವತ್ತನೇ ತಾರೀಖು ಅಚ್ಚಿಗೆ ಹೋಗುತ್ತದೆ.

ಅಮ್ಮನಿಗೆ ಈಗ ಹೇಳಬಹುದು. ಕಣ್ಣು ಮಂಜಾಗಿದೆಯಲ್ಲ, ಈ ಅಧ್ಯಾಯವನ್ನು ನೀನೇ ಓದಿ ಹೇಳು. ನಿನ್ನ ಗುಣಗಾನ ನಿನ್ನ ಬಾಯಲ್ಲೇ ಬರಲಿ. ಮುಂದಿನ ಮಂಗಳವಾರ ಗೌರಿ ಹಬ್ಬ. ಬೆಳಗಿನ ರೈಲಿಗೇ ಬಾ.

ಗೌರಿ

*

ಕೋಟೆ
28 ಆಗಸ್ಟ್ 2025

ಚಿ. ಸೌ. ಗೌರಿಗೆ,

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ನಾಳೆ ಬೆಳಗ್ಗೆ ಶಾಲೆಗೆ ಹೊರಡುವ ವಾಣಿಯ ಕೈಯಲ್ಲಿ ಕಳಿಸುತ್ತೇನೆ. ಮೊನ್ನೆ ನಿನ್ನಲ್ಲಿಗೆ ಬಂದುಹೋದ ಮೇಲೆ ನಿನ್ನೆ ಇಡೀ ದಿನ ಮನೆಮನೆಯ ಗಣಪತಿ ಪೂಜೆ, ಗಂಟಲು ಬಿದ್ದುಹೋಗಿದೆ. ಹಾಗಾಗಿ ಅಮ್ಮನಿಗೆ ಓದಿ ಹೇಳಲು ಇವತ್ತು ಬೆಳಗ್ಗೆ ಪುರುಸೊತ್ತಾಯಿತು. ಮೊದಲು ಇಡೀ ಕಥೆಯನ್ನು ಬಾಯಲ್ಲಿ ಹೇಳಿದೆ, ಆಮೇಲೆ ನಿನ್ನ ಹೊಸ ಅಧ್ಯಾಯವನ್ನು ಓದಿದೆ. ನಾನು ಬೀದಿಯಲ್ಲಿ ನಡೆದು ಬರುವ ಸಾಲನ್ನು ಎರಡು ಸಲ ಓದಿದೆ. ನಾನು ಅಷ್ಟು ಒಳ್ಳೆಯವನೆಂದು ನನಗೇ ಗೊತ್ತಿರಲಿಲ್ಲ. ಹೀಗೆ ಯಾರೂ ನನ್ನನ್ನು ನೋಡಿದ್ದಿಲ್ಲ ಗೌರಿ. ಸಾಕು, ಇನ್ನು ಈ ಪುಸ್ತಕದಿಂದ ನನಗೆ ಏನೂ ಬೇಡ.

ಅಮ್ಮ ಹೂಬತ್ತಿ ಮಾಡುತ್ತ ಪೂರ್ತಿ ಕೇಳಿದಳು. ಮುಗಿದ ಮೇಲೆ ಸೆರಗು ಕೈಗೆತ್ತಿಕೊಂಡಳು. ಅಳುತ್ತಾಳೇನೋ ಎಂದುಕೊಂಡೆ. ‘ಹಂಗಾದ್ರೆ ನಾನೆಲ್ಲಿ?’ ಎಂದಳು.

ಮೊದಲ ಅಧ್ಯಾಯದಲ್ಲಿ ಇದ್ದೀಯಲ್ಲ, ಜಡೆ ಹೆಣೆಯುತ್ತೀಯಲ್ಲ ಎಂದೆ.

‘ಜಡೆ ಬಿಡು. ಬಾಗಿನದಲ್ಲಿ ನಾನೆಲ್ಲಿ? ನೀನೊಬ್ನೇ ಎತ್ಕೊಂಡ್ ಹೋಗ್ತಿದ್ದೆ ಅಂತ ಬರ್ಸಿದೀಯ. ಎತ್ಕೊಂಡ್ ಹೋಗೋಕೆ ಅಲ್ಲಿ ಇಟ್ಟೋರು ಯಾರು? ಊರಿನ ಮುತ್ತೈದೆಯರಿಗೆ ಎಷ್ಟು ಮೊರ ಬೇಕೋ ಅದಕ್ಕಿಂತ ಒಂದು ಜೊತೆ ಹೆಚ್ಚಿಗೆ ಯಾಕ್ ತರ್ತಿದ್ದೆ ನಾನು? ಅವಳ ಕೈಗೆ ಸರಿಯಾಗೋ ಬಳೆ, ಅವಳಿಗೆ ಇಷ್ಟದ ಪಾಚಿ ಬಣ್ಣದ ಕಣ, ಇದೆಲ್ಲ ನಿನಗೆ ಗೊತ್ತಿತ್ತಾ ಮಾರಾಯ? ಎಲ್ಲ ತುಂಬಿ, ನಿನ್ನ ಕಣ್ಣಿಗೆ ಬೀಳೋ ಕಡೆ ಇಟ್ಟು, ನಾನು ಹಿತ್ಲಿಗೆ ಹೋಗಿ ನಿಲ್ತಿದ್ದೆ, ನೀನು ಹೊರಡೋ ತನಕ. ಅವ್ರಿಗೆ ಗೊತ್ತಾಗೋ ಹಂಗಿರ್ಲಿಲ್ವಲ್ಲ.’

ನಾನು ನಿನ್ನ ಪುಟಗಳನ್ನು ಕೆಳಗಿಟ್ಟೆ.

‘ಸೂತಕದ ವರ್ಷ ಒಂದು ಮಾತ್ರ ನಿಂದು. ಆ ವರ್ಷ ನಾನು ಏನೂ ಮುಟ್ಟಿರ್ಲಿಲ್ಲ. ಅದಕ್ಕೇ ಬೂದಿ ಬಣ್ಣ’ ಎಂದಳು.

ಇಷ್ಟು ವಯಸ್ಸಾಗಿ ನಾನು ಒಂದು ಮೊರವನ್ನು ಕದಿಯಲಾರದವನು ಎಂದು ಇವತ್ತು ಗೊತ್ತಾಯಿತು. ಅಮ್ಮನನ್ನು ಬಿಟ್ಟವಳು ನೀನಲ್ಲ, ನನ್ನ ಲೆಕ್ಕದಲ್ಲೇ ಅವಳು ಇರಲಿಲ್ಲ. ಸಂಧ್ಯಾಳಿಗೆ ಫೋನು ಮಾಡಿ ಎರಡು ದಿನ ತಡೆಯಲು ಹೇಳು. ಅಮ್ಮ ಕಾಲು ಚಾಚಿ ಕೂತಿದ್ದಾಳೆ, ತಾನು ಹೇಳುತ್ತಾಳಂತೆ, ನಾನು ಬರೆದುಕೊಳ್ಳಬೇಕಂತೆ. ಜಾಗ ಕಡಿಮೆ ಇರುತ್ತದೆ, ಅರ್ಧ ಪುಟ ಸಾಕಾಗುತ್ತದೆಯೇ ಎಂದು ಕೇಳಿದೆ.

‘ಅರ್ಧ ನಿನಗಿರ್ಲಿ. ನಂಗೆ ಪೂರ್ತಿ ಬೇಕು’ ಎಂದಳು.

ಸುಘೋಷ